ಕಾರ್ಬನ್ ಪ್ರತಿ

ಮೇಸ್ತ್ರಿ ಗಾದಿಲಿಂಗ ಗಾಡಿಯ ಕೆಳಗೆ ಮಲಗಿ ಹೇಳುತ್ತಾನೆ,
ನಾನು ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುತ್ತೇನೆ.
ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಹದಿನಾರು ಬೇಸಿಗೆ
ಅವನ ಮುಖಕ್ಕಿಂತ ಕಾಲುಗಳನ್ನೇ ಹೆಚ್ಚು ನೋಡಿದವಳು ನಾನು.

ಇವತ್ತು ಮೆಣಸಿನಕಾಯಿ ದಲಾಲಿ ತಿಪ್ಪೇಶಿ ಬಂದ,
ಟಿವಿಎಸ್ಸಿನಿಂದ ಇಳಿಯುವ ಮೊದಲೇ ಮೂರು ಸಲ ಸೀನಿದ.
‘ಈ ಸಲ ರೇಟು ಕೈ ಹಿಡೀತು ಹಂಪಮ್ಮಾ,
ಹಳೇ ಗಾಡಿ ಒಂದು ನೋಡೀನಿ, ಅಲ್ಲ, ಎರಡು ನೋಡೀನಿ.
ಜಪಾನಿ ತಗೊಳ್ಳಲೋ, ಜರ್ಮನ್ ತಗೊಳ್ಳಲೋ?’

ಕೆಳಗೆ ಪಾನಾ ಸದ್ದು ನಿಂತಿತು. ಮಾತು ಬರಲಿಲ್ಲ.
ನಾನು ಬಿಲ್ ಪುಸ್ತಕ ತೆಗೆದೆ.

ಇದು ಖಾಜಾಹುಸೇನನ ಬಿಳಿ ಜಪಾನಿ.
ಮದುಮಗಳು, ಡಯಾಲಿಸಿಸ್ಸು, ಮಂತ್ರಾಲಯ, ಏರ್‌ಪೋರ್ಟು,
ಮೂರು ಲಕ್ಷ ಅರವತ್ತೆರಡು ಸಾವಿರ ಕಿಲೋಮೀಟರು.
ಆಯಿಲ್ಲು. ಫಿಲ್ಟರು. ಆಯಿಲ್ಲು. ಬ್ರೇಕ್ ಪ್ಯಾಡು.
ಆಯಿಲ್ಲು.
ಓದುತ್ತ ಓದುತ್ತ ನನಗೇ ತೂಕಡಿಕೆ.
ಹದಿನೆಂಟು ಸಾವಿರ ದಾಟಿದ್ದು ಒಂದೇ ವರ್ಷ,
ಅದೂ ಎಮ್ಮೆ ಅಡ್ಡ ಬಂದ ವರ್ಷ.

ಇದು ಕೌಲ್ ಬಜಾರಿನ ತುಳಜಾರಾಮನ ಕಪ್ಪು ಜರ್ಮನ್.
ಜೀನ್ಸ್ ಹೊಲಿಸುವವನು, ಹನ್ನೊಂದು ಮಷೀನಿನ ಒಡೆಯ.
ಅದಿರು ನಿಂತ ವರ್ಷ ಯಾರೋ ಅರ್ಧಕ್ಕರ್ಧ ಮಾರಿದಾಗ
ಕೊಂಡು ತಂದು ನಿಂಬೆಹಣ್ಣು ತುಳಿಸಿದ.
ಒಂಬತ್ತನೇ ದಿನ ರೈಲ್ವೆ ಗೇಟಿನಲ್ಲಿ ಕೆಂಪು ದೀಪ ಹತ್ತಿತು,
ಗೇಟು ತೆರೆಯಿತು, ಗಾಡಿ ತೆರೆಯಲಿಲ್ಲ.

ಹೆಬ್ಬೆರಳಿನಷ್ಟು ಸೆನ್ಸರು ಹೈದರಾಬಾದಿನಿಂದ ಬರಲು ಇಪ್ಪತ್ಮೂರು ದಿನ.
ಇಪ್ಪತ್ಮೂರು ಸಂಜೆಯೂ ಅವನು ಸ್ಕೂಟರಿನಲ್ಲಿ ಬಂದು
ಓಡದ ಕಾರಿನೊಳಗೆ ಕೂತು ಹೋದ.
ಒಮ್ಮೆ ನನ್ನ ಕರೆದು ಸೀಟಿನ ಅಂಚು ತೋರಿಸಿದ:
‘ಈ ಹೊಲಿಗೆ ನೋಡವ್ವಾ. ಒಂದಿಂಚಿಗೆ ಎಷ್ಟು ಹಾಕ್ಯಾರ, ಎಣಿಸು.
ಚರ್ಮದಾಗ ಇಷ್ಟು ಸೀದಾ ಸಾಲು
ನಮ್ಮಪ್ಪನೂ ಹಿಡಿದಿದ್ದಿಲ್ಲ.’
ಎಣಿಸಿದೆ. ಏಳು. ಎಲ್ಲಿ ಎಣಿಸಿದರೂ ಏಳು.

ಆ ಗೇರ್‌ಬಾಕ್ಸಿನ ಬಿಲ್ಲೊಂದರಲ್ಲಿ
ಖಾಜಾನ ಐದು ವರ್ಷ ಹಿಡಿಯುತ್ತಿತ್ತು.
ದುಡ್ಡು ಸಾಲದೆ ಪ್ಯಾಂಟುಗಳಲ್ಲಿ ತೀರಿಸಿದ.
ನಮ್ಮ ಹುಡುಗರ ಸೊಂಟದ ಮೇಲೆ ಇರುವುದೆಲ್ಲ
ಅದರದೇ ಕಂತು.

ಆದರೆ ಇನ್ನೊಂದು ಹಾಳೆ ಇದೆ, ಅದನ್ನೂ ಓದಬೇಕು.
ಮೋಕಾ ರಸ್ತೆಯ ತಿರುವಿನಲ್ಲಿ ಭತ್ತದ ಲಾರಿ
ಬದಿಗೆ ಬಂದು ಗುದ್ದಿತ್ತು.
ಹೊರಗಿನ ತಗಡೆಲ್ಲ ಹಪ್ಪಳ.
ಒಳಗಿನಿಂದ ತುಳಜಾರಾಮ ಬಾಗಿಲು ತೆರೆದು
ಒಂದು ಚಪ್ಪಲಿ ಹುಡುಕುತ್ತ ಇಳಿದನಂತೆ.
ತಗಡಿನ ಖರ್ಚು ಬರೆದೆ, ಬಣ್ಣದ್ದು ಬರೆದೆ,
ಇಳಿದು ಬಂದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ತಿಪ್ಪೇಶಿ ಬಿಲ್ ಪುಸ್ತಕ ನೋಡಲಿಲ್ಲ, ಕಾಲುಗಳನ್ನು ಕೇಳಿದ:
‘ಏನಂತಿ ಮೇಸ್ತ್ರಿ?’
ಕೆಳಗಿನಿಂದ ದನಿ ಬಂತು:
‘ನಿನ್ನ ಕೆಲಸ ಆಗಬೇಕಂದ್ರ ಜಪಾನಿ ತಗೋ.
ನನ್ನ ಮಗಳ ಫೀಜು ಕಟ್ಟಬೇಕಂದ್ರ ಜರ್ಮನ್ ತಗೋ.’
ತಿಪ್ಪೇಶಿ ನಕ್ಕ, ಸೀನಿದ,
ಯುಗಾದಿ ಆಗಲಿ ನೋಡೋಣ ಎಂದು ಟಿವಿಎಸ್ ಒದ್ದ.

ಮಧ್ಯಾಹ್ನ ಖಾಜಾ ಬಂದ. ಎಂಜಿನ್ ಬಿಸಿ ಆರುವ ಮುಂಚೆ ಹೊರಟ.
ಏರ್ ಫಿಲ್ಟರ್ ಬಡಿದಾಗ ಒಂದು ಹಿಡಿ ಸಂಡೂರು ಉದುರಿತು,
ಗುಡಿಸಿದೆ, ಅಷ್ಟೆ.
ಇಷ್ಟು ವರ್ಷದ ಗಿರಾಕಿ, ಅವನ ಗಾಡಿ ನಂಬರು
ಈಗಲೂ ಪುಸ್ತಕ ನೋಡಿಯೇ ಬರೆಯುತ್ತೇನೆ.
ಇನ್ನೊಂದರದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು.

ನಾಲ್ಕೂವರೆಗೆ ಫೋನು. ತುಳಜಾರಾಮ.
ಹಿಂದೆ ಹನ್ನೊಂದು ಮಷೀನಿನ ಸದ್ದು.
‘ಹಂಪಮ್ಮಾ, ಮತ್ತ ದೀಪ ಹತ್ತೈತಿ.’
‘ಯಾವ ದೀಪ?’ ಎಂದು ಜೋರಾಗಿಯೇ ಕೇಳಿದೆ,
ಕೆಳಗಿದ್ದವನಿಗೂ ಕೇಳಿಸಲಿ ಎಂದು.

ಬಂಪರಿನಾಚೆ, ಗ್ರೀಸ್ ಮೆತ್ತಿದ ಕಾಲ್ಬೆರಳು
ಒಮ್ಮೆ ಅಲ್ಲಾಡಿತು.

ಹೊಸ ಹಾಳೆಯ ಕೆಳಗೆ ಕಾರ್ಬನ್ ಇಟ್ಟೆ.