ಮುಚ್ಚಳ

ಗಾಳಿಯನ್ನು ನಂಬಬೇಡ ಅಂದಿದ್ದ ಕೆಲಸ ಕಲಿಸಿದ ಮೇಸ್ತ್ರಿ.
ಎಣ್ಣೆ, ಒತ್ತಿದರೆ ಒತ್ತಿದಷ್ಟೂ ಮುಂದಕ್ಕೆ ಮುಟ್ಟಿಸುತ್ತದೆ.
ಗಾಳಿ ಕುಗ್ಗುತ್ತದೆ, ಹಲ್ಲು ಗಿಂಜುತ್ತದೆ.
ಕೊಳವೆಯಲ್ಲಿ ಒಂದೇ ಒಂದು ಗುಳ್ಳೆ ಉಳಿದರೂ
ಅಸ್ಮಾರಾದಿಂದ ಮಸಾವಾಕ್ಕೆ ಇಳಿಯುವ ಬಸ್ಸಿಗೆ
ಅದು ಗಾಳಿಮಾತಲ್ಲ.

ಇಪ್ಪತ್ತೆರಡು ವರ್ಷ ನಮ್ಮ ಗ್ಯಾರೇಜಿನಲ್ಲಿ
ಒತ್ತಡವೆಂದರೆ ಮೈದುನ ಝೆರಿಸೆನಾಯನ ಬಲಗಾಲು.
ನಾನು ಚಕ್ರದ ಬುಡದಿಂದ "ಒತ್ತು" ಅನ್ನಬೇಕು,
ಒತ್ತಬೇಕು. "ಹಿಡಿ" ಅಂದರೆ ಹಿಡಿಯಬೇಕು,
ನಾನು ನಿಪ್ಪಲ್ ಬಿಗಿಯುವ ತನಕ ಬಿಡಬಾರದು.
ಬಿಡುತ್ತಿದ್ದ.
ಬೆಲೆಸ್ ಹಣ್ಣಿನವಳು ಕೂಗಿದಳೆಂದು ಬಿಡುತ್ತಿದ್ದ,
ಮದುವೆಯ ಕಾರುಗಳು ಹಾರ್ನ್ ಹೊಡೆದು ಹೋದವೆಂದು ಬಿಡುತ್ತಿದ್ದ,
ಹೊರಟ ಗಾಳಿಯೆಲ್ಲ ಮರಳಿ ತವರಿಗೆ.
ಮೊದಲಿಂದ ಶುರು.

ಈಗ ಅವನ ಮಂಡಿ ಊದಿದೆ.
ದುಬೈನಿಂದ ಬಂದ ಸೂಟ್‌ಕೇಸ್ ಬಿಚ್ಚಿ ಓಕ್ಬಾಯ್
ಮೂರು ಬಗೆಯದನ್ನು ಮೇಜಿನ ಮೇಲಿಟ್ಟ.
ಒಂದು, ಕೆಳಗಿಂದ ಹೀರುವುದು. ಹೀರುವಾಗ
ತಿರುಪಿನ ಸಂದಿಯಿಂದಲೂ ಗಾಳಿ ನುಗ್ಗಿ ಬರೀ ಗುಳ್ಳೆ:
ಬ್ರೇಕಿನದು ಯಾವುದು, ಬೀದಿಯದು ಯಾವುದು?
ಇನ್ನೊಂದು ಸ್ಟೆಪ್ನಿಯ ಗಾಳಿ ಕುಡಿದು ಒತ್ತುವುದು, ಅಗ್ಗ.
ಸ್ಟೆಪ್ನಿ ಇರುವ ಬಸ್ಸು ಈ ಊರಲ್ಲಿ ಯಾವುದಿದೆ ಮಾರಾಯ, ಅಂದೆ.
ಕೊನೆಯದು ಕೈಪಂಪಿನ ಡಬ್ಬಿ,
ಗಿಡಕ್ಕೆ ಔಷಧಿ ಹೊಡೆಯುವಂಥದ್ದು, ನೆತ್ತಿಯ ಮೇಲೊಂದು ಮುಳ್ಳು.
ಹದಿನೈದು ದಾಟಿಸಬೇಡ, ಹಳೇ ಎಣ್ಣೆಬುರುಡೆ ಸೀಳೀತು, ಅಂದ.
ಬೆಲೆ ಕೇಳುವಷ್ಟರಲ್ಲಿ ಎರಡನೇ ಸುತ್ತಿನ ಕಾಫಿ ಆರಿತು.

ಕೊಂಡೆ. ತಂದು ನೋಡಿದರೆ
ಜೊತೆಗೆ ಬಂದ ಒಂಬತ್ತು ಮುಚ್ಚಳಗಳಲ್ಲಿ ಒಂದೂ
ನಮ್ಮ ಮುದಿ ಫಿಯೆಟ್ಟಿನ ಬಾಯಿಗೆ ಕೂರದು.

ಝೆರಿಸೆನಾಯ್ ಏನೂ ಅನ್ನದೆ ಕುಂಟುತ್ತ ಮೆದೆಬರಿಗೆ ಹೋದ,
ಆ ಸುತ್ತಿಗೆಗಳ ಸಂತೆಗೆ. ಸಂಜೆ ಬಂದ.
ಅಂಗೈಯಲ್ಲಿ ಕಡೆಸಿದ ಅಲ್ಯೂಮಿನಿಯಂ ಮುಚ್ಚಳ,
ನಡುವೆ ತೂತು, ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು.
"ತಗೋ, ನನ್ನ ಕಾಲಿನ ಪಿಂಚಣಿ."

ಒಬ್ಬಳೇ ನಾಲ್ಕು ಚಕ್ರ ಸುತ್ತಿದೆ, ದೂರದ್ದು ಮೊದಲು.
ಯಾರಿಗೂ ಏನೂ ಹೇಳಬೇಕಾಗಲಿಲ್ಲ.
ಮೂರನೆಯದರಲ್ಲಿ ಬಾಯಿ ತಪ್ಪಿ "ಹಿಡಿ" ಅಂದುಬಿಟ್ಟೆ.
"ಹಿಡಿದಿದೀನಿ" ಅಂದ, ಬಾಗಿಲಲ್ಲಿ ಕಾಫಿ ಹೀರುತ್ತ.

ಮುಳ್ಳು ಹದಿನೈದರಲ್ಲೇ ನಿಂತಿತ್ತು. ನನಗೆ ಸಾಲದು.
ನಾಳೆ ಐದು ಗಂಟೆಗೆ ಮೂವತ್ತಾರು ಜನ
ಮಂಜಿನೊಳಗೆ ಇಳಿಯುವವರಿದ್ದಾರೆ.
ಡಬ್ಬಿ ಕಳಚಿಟ್ಟು, ಹತ್ತಿ ಕೂತು ಒಮ್ಮೆ ಒತ್ತು, ಅಂದೆ,
ಎಡಗಾಲಲ್ಲಾದರೂ ಸರಿ.

ಒತ್ತಿದ. "ಕಲ್ಲು" ಅಂದ.
ಆಚೆ ಬೆಲೆಸಿನವಳು ಕೂಗುತ್ತ ಹೋದಳು.
ಬಿಡಲಿಲ್ಲ.