ಕಟ್

ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು,
ಮಗಳದು ಪೀಣ್ಯದಲ್ಲಿ ಕಟ್ಟಿಂಗ್ ಕೆಲಸ ಅಂತ.
ಒತ್ತು ಅವಳೇ ಹಾಕಿದ್ದು.
"ನಾನು ಹೂ ಕಟ್ತೀನಿ, ಇವಳು ಬಟ್ಟೆ ಕಟ್ತಾಳೆ,
ನಮ್ಮನೆ ಕಸುಬೇ ಅದು."

ನಾನು ತಿದ್ದಲಿಲ್ಲ.
ನೂರು ಪದರ ಬಟ್ಟೆ ಹಾಸಿ
ಕರೆಂಟಿನ ಬ್ಲೇಡು ಓಡಿಸುವ ಮೇಜಿನ ಆ ಉದ್ದವನ್ನು
ಶ್ರೀರಾಂಪುರದ ಕ್ರಾಸಿನಲ್ಲಿ
ಒದ್ದೆ ಗೋಣಿಯ ಮೇಲೆ ಕೂತವಳಿಗೆ
ಹೇಗೆ ತೋರಿಸುವುದು?

ನನಗಾದರೂ ಆ ಮಾತು ಮೊದಲು ಸಿಕ್ಕಿದ್ದು ಕತ್ತಲಲ್ಲಿ.
ಕರೆಂಟ್ ಕಟ್.
ಆಮೇಲೆ ಸ್ಕೂಲಲ್ಲಿ, ಉಗುರು ಕಟ್ ಮಾಡಿಲ್ಲವೆಂದು
ಗೆಣ್ಣಿನ ಮೇಲೆ ಬಿದ್ದ ಸ್ಕೇಲಿನಲ್ಲಿ.
ಎದುರುಮನೆ ನಾಗವೇಣಿ
ಭುಜದವರೆಗೆ ಕಟ್ ಮಾಡಿಸಿ ಬಂದ ದಿನ
ಅವಳಜ್ಜಿ ರಾತ್ರಿ ಉಣ್ಣಲಿಲ್ಲ.
ಬೆಳಗ್ಗೆ ಮಾತ್ರ ಗುಟ್ಟಾಗಿ
ಆ ಕತ್ತಿನ ಹಿಂಬದಿ ಮುಟ್ಟಿ ನೋಡಿದಳಂತೆ.

ಮತ್ತೆ ಲೈನ್‌ಮನ್ ಗೋಪಣ್ಣ,
ಏಣಿ ಗೋಡೆಗೆ ಒರಗಿಸಿಕೊಂಡೇ ಹೇಳುತ್ತಿದ್ದ:
"ಬಿಲ್ ಕಟ್ಟಿದ್ರೆ ಕಟ್ಟಿಲ್ಲಮ್ಮ,
ಕಟ್ಟಿಲ್ಲಾಂದ್ರೆ ಕಟ್ಟು."
ನಾವು ನಕ್ಕೆವು.
ಅವನು ನಗದೆ ಏಣಿ ಹತ್ತಿದ.

ಈಗ ನಾಲ್ಕು ನಿಮಿಷ ತಡವಾದರೆ ಅರ್ಧ ದಿನ ಕಟ್.
ಸಂಬಳದ ಚೀಟಿಯಲ್ಲಿ ಎಡಕ್ಕೆ ಗಳಿಕೆ,
ಬಲಕ್ಕೆ ಕಟ್ ಆಗಿದ್ದು; ಬಲಗಡೆಯೇ ಉದ್ದ.
ಉಳಿದದ್ದರಲ್ಲಿ ಬಾಡಿಗೆ ಕಟ್ಟು, ಚೀಟಿ ಕಟ್ಟು,
ತಮ್ಮನ ಫೀಸು ಕಟ್ಟು.

ಅಮ್ಮನಿಗೆ ಫೋನ್ ಕಟ್ ಮಾಡಲು ಬರುವುದಿಲ್ಲ.
"ಸರಿ, ಇಡ್ತೀನಿ" ಅಂದು
ನಿಜವಾಗಿಯೂ ಇಡುತ್ತಾಳೆ, ಕಾಕಡದ ರಾಶಿ ಪಕ್ಕ.
ಊಟದ ಹೊತ್ತು ಗೇಟಿನ ಹೊರಗೆ ಕೂತು
ನಾನೂ ಕಟ್ ಮಾಡುವುದಿಲ್ಲ.
ಬುತ್ತಿಯಲ್ಲಿ ಚಿತ್ರಾನ್ನ, ಕಿವಿಯಲ್ಲಿ ಶ್ರೀರಾಂಪುರ:
ಆಟೋ ಒಂದು ಕೆಮ್ಮಿ ಹೋಗುತ್ತದೆ,
ಯಾರೋ ಮೊಳಕ್ಕೆ ಐದು ರೂಪಾಯಿ ಕಡಿಮೆ ಕೇಳುತ್ತಾರೆ,
ನೀರಲ್ಲಿ ಅದ್ದಿದ ಬಾಳೆನಾರು
ಗಂಟಾಗುವಾಗ ಮಾಡುವ ಸದ್ದು
(ಅಂಥ ಸದ್ದು ಇದೆಯೋ, ನನ್ನ ಭ್ರಮೆಯೋ).
ಬ್ಯಾಲೆನ್ಸ್ ಕಟ್ ಆಗುತ್ತಿದ್ದ ಕಾಲವಾಗಿದ್ದರೆ
ಇಷ್ಟು ಹೊತ್ತು ಅವಳ ಹತ್ತಿರ ಇರುತ್ತಿರಲಿಲ್ಲ.

ಹೋದ ಭಾನುವಾರ ಪಕ್ಕ ಕೂತಿದ್ದೆ.
ಮೊಣಕೈಯಿಂದ ಬೆರಳ ತುದಿಗೆ ಅಳೆದು
ನಾರು ಹಲ್ಲಿಗೆ ಕೊಟ್ಟಳು.
"ನೋಡು, ನೀನೂ ಕಟ್ ಮಾಡ್ತೀಯ" ಅಂದೆ.
"ಮಾಡದೆ? ಇಡೀ ದಿಂಡನ್ನ ಯಾರಮ್ಮ ಮುಡೀತಾರೆ?"

ಆಗ ಹೇಳಿಬಿಟ್ಟೆ:
ಕಾಲರ್ರು, ಕಫ್ಫು, ತೋಳು
ಎಲ್ಲ ಬೇರೆ ಬೇರೆಯಾಗಿ ಕತ್ತರಿಸಿ ಬೀಳುತ್ತವೆ,
ನನ್ನ ಕೆಲಸ ಅವನ್ನು ಸೈಜಿಗೆ ಸೈಜು ಜೋಡಿಸಿ
ಬಟ್ಟೆಯ ಅಂಚಿನ ದಾರದಲ್ಲಿ ಬಿಗಿದು
ನಂಬರ್ ಹಾಕಿ ಹೊಲಿಗೆಯವರಿಗೆ ಕಳಿಸುವುದು.

"ಅದೇ ಮತ್ತೆ," ಅಂದಳು ತಲೆ ಎತ್ತದೆ,
"ಕಟ್ಟಿಂಗು ಅಂತಲೇ ಅಲ್ವ ನಾನು ಹೇಳಿದ್ದು."

ಸ್ಕೂಟರ್ ಆಫ್ ಮಾಡದೆ ಒಬ್ಬಳು ಒಂದು ಮೊಳ ಕೇಳಿದಳು.
ಅಮ್ಮ ಅಳೆದಳು,
ಎರಡು ಬೆರಳು ಆಚೆಗೆ ಬಿಟ್ಟು
ಕಟ್ ಮಾಡಿದಳು.