ಉಬ್ಬರದ ಗೆರೆ

ಹನ್ನೊಂದು ದಿನ ಆಮ್ಲದಲ್ಲಿ ನೆನೆದು
ಮೂಳೆ ಕೊನೆಗೂ ಬ್ಲೇಡಿಗೆ ಒಪ್ಪಿತು.
ಮಡಿಕೇರಿಯ ಆಸ್ಪತ್ರೆ, ನೆಲಮಾಳಿಗೆಯ ಲ್ಯಾಬು,
ಡಬ್ಬಿಯ ಮೇಲೆ ನನ್ನದೇ ಅಕ್ಷರ:
ಬೊಳಕ, ಅರವತ್ತೆರಡು, ಬಲ ಮಂಡಿ, ಅಮ್ಮತ್ತಿ.
ಉದ್ಯೋಗ: ಮೆಣಸು ಕೊಯ್ಲು.

ಕೇಸರಿ ಬಣ್ಣ ಹಾಕಿದೆ.
ನೀರು ಹಿಡಿದಿಡುವ ಸಕ್ಕರೆಯೆಳೆ ಎಲ್ಲಿ ಉಳಿದಿದೆಯೋ
ಅಲ್ಲಿ ಮಾತ್ರ ಕೆಂಪು ಕೂರುತ್ತದೆ.
ಬೊಳಕನ ಗಾಜಿನಲ್ಲಿ ತಳದಲ್ಲಷ್ಟೇ ಕೆಂಪು,
ಮೇಲೆಲ್ಲ ತೊಳೆದು ತೊಳೆದ ಪಂಚೆ, ಸೀಳು ಸೀಳು.

ಉಬ್ಬರದ ಗೆರೆ ಎನ್ನುತ್ತದೆ ಪುಸ್ತಕ,
ಮೃದ್ವಸ್ಥಿ ಸುಣ್ಣಗಟ್ಟುವ ಅಂಚಿಗೆ.
ಒಂದೇ ಇರಬೇಕು. ಇಲ್ಲಿ ಎರಡು.
ಕಡಲಿಲ್ಲದ ಜಿಲ್ಲೆಯಲ್ಲಿ
ಕಡಲು ಒಂದು ಮೆಟ್ಟಿಲು ಏರಿ ಬಂದಿದೆ.

ಡ್ರೆಸ್ಸಿಂಗಿಗೆ ಬಂದವನು ವಾಕರ್ ಕುಟ್ಟುತ್ತ ಕಿಟಕಿಗೆ ಬಂದ.
"ಅಕ್ಕಾ, ನನ್ನ ಮೂಳೆ ಇಲ್ಲುಂಟಂತೆ.
ಯಾರು ತಿಂದದ್ದು ನೋಡ್ಬೇಕು."
ಹಾಗೆಲ್ಲ ತೋರಿಸುವಂತಿಲ್ಲ. ಸ್ಟೂಲು ಎಳೆದು ಕೊಟ್ಟೆ.
ಒಂಟಿ ಬಿದಿರ ಏಣಿಯ ಮೇಲೆ ನಲವತ್ತು ವರ್ಷ
ಸಿಲ್ವರ್ ಓಕಿನ ನೆತ್ತಿ ನೋಡಿದ ಕಣ್ಣು
ಬಾಗಿದ್ದೇ ತಡ ಫೋಕಸ್ ಹಿಡಿಯಿತು.

"ಕೊರಕನಾ?"
ಅರೇಬಿಕಾದ ಕಾಂಡ ಸೀಳಿದರೆ ಸಿಗುವ ಬಿಳಿ ಹುಳು, ಅವನ ಲೆಕ್ಕ.
ಅಲ್ಲ, ಹೊರಗಿನದು ಯಾವುದೂ ಬಂದಿಲ್ಲ, ಎಂದೆ.
ಗುಳಿಯೊಳಗೆ ಒಂಟಿ ಕೂತ ಈ ಜೀವಕೋಶ,
ನೆತ್ತರ ನಾಳವಿಲ್ಲ, ನರವಿಲ್ಲ, ನೆರೆಯಿಲ್ಲ,
ಎಳವೆಯಲ್ಲಿ ನೂಲನ್ನೆಲ್ಲ ನೆಯ್ದದ್ದು ಇದೇ.
ಆ ನೂಲು ಮತ್ತೆ ಹುಟ್ಟಲ್ಲ;
ನೀವು ಮೊದಲ ಸಲ ಏಣಿ ಹತ್ತಿದಾಗಿನದೇ ಇದು.
ಭಾರ ಬಿದ್ದು, ಎಲ್ಲೋ ಒಂದೆಳೆ ಹರಿದು,
ತುಣುಕು ಬಂದು ಬಾಗಿಲು ತಟ್ಟಿದರೆ
ಗಾಬರಿಯಾಗಿ ಇದು ಕತ್ತರಿ ಮಾಡುತ್ತದೆ.
ಒಂದು ಕತ್ತರಿ ನೀರಿನ ಎಳೆಗೆ, ಇನ್ನೊಂದು ನೂಲಿಗೆ.
ಕತ್ತರಿಸಿದ ತುಣುಕು ಮತ್ತೆ ಬಾಗಿಲು ತಟ್ಟುತ್ತದೆ.

ಅವನು ಕಣ್ಣು ತೆಗೆಯಲಿಲ್ಲ.
"ಇಲ್ಲಿ ಗುಂಪು ಕಟ್ಟಿವೆ."
ಹೌದು. ಕೊನೆಕೊನೆಗೆ ಒಂದೇ ಗುಳಿಯಲ್ಲಿ ಎಂಟು, ಹತ್ತು.
"ಲೈನ್‌ಮನೆ," ಎಂದ.
ತುಸು ಹೊತ್ತು ಬಿಟ್ಟು:
"ನಮ್ದೂ ಹಳೇ ಹೆಂಚು ಇಳಿಸಿದ್ರು, ಹೊಸತು ಹಾಕ್ತೇವೆ ಅಂತ.
ಲಾರಿ ಬರ್ಲೇ ಇಲ್ಲ."

ನಾನು ಹೇಳಲು ಮರೆತದ್ದು ಅದೇ:
ಕತ್ತರಿ ಇರುವುದು ರಿಪೇರಿಗೆ.

ವರದಿಯಲ್ಲಿ ಅದಕ್ಕೆ ಜಾಗವಿಲ್ಲ.
ಗ್ರೇಡ್ ನಾಲ್ಕು ಎಂದು ಟೈಪಾಯಿತು.
ಸಂಜೆ ಬಸ್‌ಸ್ಟ್ಯಾಂಡಿನ ಇಳಿಜಾರಿನಲ್ಲಿ
ನನ್ನ ಎಡ ಮಂಡಿ ಕಟಕ್ ಎಂದಿತು.
ನಿಂತೆ. ನೋವಿಲ್ಲ.
ನರವಿಲ್ಲದ ಜಾಗ,
ಅದು ದೂರು ಕೊಡುವುದು ತಡವಾಗಿ.